ಮಿಠಾಯಿಗೆ ಕೈ ಚಾಚಿದ ಮಗುವಿನ ತಪ್ಪೇನು?

ಮಾನ್ಯರೇ,

ಈಚೆಗೆ ಸಿದ್ದಾಪುರದ ಬಳಿ ಪೋಷಕರ ಸಭೆಯೊಂದಕ್ಕೆ ಹೋಗಿದ್ದೆ. ಸ್ವಲ್ಪ ಹೊತ್ತು ಕಾದರೆ ಇನ್ನೊಂದು ಕೊಡುತ್ತೇವೆ ಎಂದಾಗ, ಎದುರಿಗಿಟ್ಟ ಮಿಠಾಯಿ ತಿನ್ನದೆ ಕಾಯುವ ಮಗು ಮುಂದೆ ಗೆಲ್ಲುತ್ತದೆ, ಕಾಯದ ಮಗು ಹಿಂದೆ ಬೀಳುತ್ತದೆ ಎಂದು ಭಾಷಣಕಾರರು ಹೇಳಿದರು. ಕೇಳುತ್ತಿದ್ದವರಲ್ಲಿ ಜಾಸ್ತಿ ಜನ ಕಾಫಿ ತೋಟದ ಕಾರ್ಮಿಕರ ಲೈನ್‌ಮನೆಗಳ ತಾಯಂದಿರು. ಅವರ ಮುಖ ನೋಡಿ ಸಂಕಟವಾಯಿತು.

ಆ ಮಾತಿನ ಹಿಂದೆ ಮಕ್ಕಳ ಮೇಲೆ ನಡೆದ ಒಂದು ಪ್ರಯೋಗವಿದೆ. ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಷೆಲ್ ಅದನ್ನು ಶುರು ಮಾಡಿದ್ದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ. 2018ರಲ್ಲಿ ಬೇರೆ ಸಂಶೋಧಕರು 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇಟ್ಟುಕೊಂಡು ಇದನ್ನು ಮತ್ತೆ ಪರೀಕ್ಷಿಸಿದರು. ಮನೆಯ ಪರಿಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ, ಕಾಯುವುದಕ್ಕೂ ಮುಂದಿನ ಓದಿಗೂ ಇದ್ದ ನಂಟು ತೀರಾ ತೆಳುವಾಯಿತು.

2013ರ ಇನ್ನೊಂದು ಅಧ್ಯಯನ ನನ್ನ ಮನಸ್ಸಿಗೆ ತಟ್ಟಿದೆ. ಅದಕ್ಕೂ ಮೊದಲು ಕೊಟ್ಟ ಮಾತು ಉಳಿಸಿಕೊಂಡ ದೊಡ್ಡವರಿಗಾಗಿ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರಿಗಾಗಿ ಸುಮಾರು 3 ನಿಮಿಷ, ಅಷ್ಟೇ.

ಬಟವಾಡೆ ಆದ ಮೇಲೆ ತರುತ್ತೇನೆ ಎಂದ ತಿಂಡಿ ನಮ್ಮ ಲೈನ್‌ಮನೆಗಳಿಗೆ ಎಷ್ಟು ಸಲ ಬರದೇ ಹೋಗಿದೆ! ಅಂಥ ಮಗು ಸಿಕ್ಕಿದ್ದನ್ನು ಆಗಲೇ ತಿಂದರೆ ಅದು ಜಾಣತನವೇ ಅಲ್ವಾ? ಸಭೆ ನಡೆಸುವವರು ದಯವಿಟ್ಟು ವಿಷಯದ ಈ ಇನ್ನರ್ಧವನ್ನೂ ತಾಯಂದಿರಿಗೆ ಹೇಳಿಸಲಿ.

– ಅಂಗನವಾಡಿ ಕಾರ್ಯಕರ್ತೆ, ಸಿದ್ದಾಪುರ, ಕೊಡಗು