ಮೂಗು ಚೆನ್ನಾಗಿದ್ದೂ ಬಂದು ಕೂತವರಿಗೆ

ನಿನ್ನೆ ಸಂಜೆ ಕೊನೆಯವರ ಮೂಗಿನ ಟೇಪ್ ಬಿಡಿಸಿ ಅವರನ್ನು ಕಳಿಸಿಕೊಟ್ಟ ಮೇಲೆ, ಅದೇ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಆರೋಗ್ಯವಂತರ ಮೂಗಿನಲ್ಲಿ ಗಾಳಿ ಎಷ್ಟು ಹರಿಯುತ್ತದೆ ಎಂದು ಅಳೆಯುವ ನಮ್ಮ ಕೆಲಸ ಮುಗಿಯಿತು. ಲೆಕ್ಕ ಹಾಕುವುದು ಇನ್ನೂ ಬಾಕಿ ಇದೆ. ಆದರೆ ಥ್ಯಾಂಕ್ಸ್ ಹೇಳಲು ಅಲ್ಲಿಯವರೆಗೆ ಕಾಯಲು ಮನಸ್ಸಾಗಲಿಲ್ಲ.

ಕಾಯಿಲೆ ಇದ್ದವರು ವಿಧಿಯಿಲ್ಲದೆ ಬರುತ್ತಾರೆ. ನಿಮಗೆ ಏನೂ ಆಗಿರಲಿಲ್ಲ, ಆದರೂ ಬಂದಿರಿ. ಬಂದ ತಕ್ಷಣ ಅಳೆಯುವ ಹಾಗೂ ಇರಲಿಲ್ಲ. ಓಡಾಡಿ ಬಂದಾಗ ಮೂಗಿನ ಒಳಪದರ ಕುಗ್ಗಿ ದಾರಿ ಅಗಲವಾಗಿರುತ್ತದೆ. ಅದಕ್ಕೇ ಅರ್ಧ ಗಂಟೆ ಕೂರಿಸಿದೆವು. ಆಮೇಲೆ ಒಂದು ಹೊಳ್ಳೆಗೆ ಸಣ್ಣ ಕೊಳವೆ ಇಟ್ಟು ಟೇಪ್ ಅಂಟಿಸಿದೆವು. ಮುಖಕ್ಕೆ ಮಾಸ್ಕ್ ಹಿಡಿದು, 'ಬಾಯಿ ಮುಚ್ಚಿ, ಮಾಮೂಲಾಗಿ ಉಸಿರಾಡಿ' ಎಂದೆವು. ಹಾಗೆ ಹೇಳಿದ ಮೇಲೆ ಮಾಮೂಲಾಗಿ ಉಸಿರಾಡೋದು ಎಷ್ಟು ಕಷ್ಟ ಅಲ್ವಾ? ನೀವು ತಾಳ್ಮೆಯಿಂದ ಮಾಡಿದಿರಿ. ಒತ್ತಡ 150 ಪ್ಯಾಸ್ಕಲ್ ಇದ್ದಾಗ ಸೆಕೆಂಡಿಗೆ ಎಷ್ಟು ಘನ ಸೆಂಟಿಮೀಟರ್ ಗಾಳಿ ಹೋಯಿತು ಅನ್ನುವ ಒಂದೇ ಸಂಖ್ಯೆಗಾಗಿ ಇಷ್ಟೆಲ್ಲ.

ಒಬ್ಬರು ಯಂತ್ರದ ಪರದೆಯಲ್ಲಿ ಗಾಳಿಯ ಹರಿವು ತೋರಿಸುವ ಗೆರೆಗಳನ್ನು ನೋಡಿ ಗಾಬರಿಯಾದರು. ಬಲಗಡೆಯ ಗೆರೆ ಸಲೀಸಾಗಿ ಮೇಲೆದ್ದಿತ್ತು, ಎಡಗಡೆಯದು ನೆಲ ಹಿಡಿದಿತ್ತು. 'ನಂಗೇನೋ ತೊಂದರೆ ಇದೆ ಅಲ್ವಾ?' ಎಂದರು. ತೊಂದರೆಯಲ್ಲ, ಅದು ಮೂಗಿನ ಸರದಿ. ಒಂದು ಹೊಳ್ಳೆ ಬಿಗಿಯಾದಾಗ ಇನ್ನೊಂದು ಸಡಿಲವಾಗುತ್ತದೆ, ಕೆಲವು ಗಂಟೆಗಳಲ್ಲಿ ಅದಲುಬದಲಾಗುತ್ತದೆ. ಕೈಸರ್ ಎಂಬ ಜರ್ಮನ್ ವೈದ್ಯರು 1895ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಎರಡೂ ಸೇರಿದ ಲೆಕ್ಕ ಮಾತ್ರ ಹೆಚ್ಚು ಕಡಿಮೆ ಒಂದೇ ಇರುತ್ತದೆ. ಅವರು ಮನೆಗೆ ಹೋಗಲಿಲ್ಲ, ಮಧ್ಯಾಹ್ನದವರೆಗೂ ಕಾದರು. ಮತ್ತೆ ಅಳೆದಾಗ ಎಡಗಡೆ ತೆರೆದುಕೊಂಡಿತ್ತು. ಅವರ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ನೆಗಡಿ ಇದೆ ಎಂದು ವಾಪಸ್ ಕಳಿಸಿದರೂ ಬೇಜಾರು ಮಾಡಿಕೊಳ್ಳದೆ ವಾಸಿಯಾದ ಮೇಲೆ ಮತ್ತೆ ಬಂದವರಿಗೆ, ದಿನಾ ಬೆಳಗ್ಗೆ ನಮಗಿಂತ ಮೊದಲೇ ಬಂದು ಯಂತ್ರವನ್ನು ಸರಿನೋಡಿ ಇಡುತ್ತಿದ್ದ ಗೆಳತಿಗೆ, ಸ್ವಲ್ಪ ಅನುಮಾನ ಬಂದರೂ 'ಇನ್ನೊಮ್ಮೆ ಅಳೆಯಿರಿ' ಎನ್ನುತ್ತಿದ್ದ ಗುರುಗಳಿಗೆ ತುಂಬಾ ತುಂಬಾ ಧನ್ಯವಾದಗಳು.

ಈ ಕೆಲಸ ಶುರುವಾಗಿದ್ದು ಒಬ್ಬ ರೋಗಿಯ ಪ್ರಶ್ನೆಯಿಂದ. 'ನನ್ನ ಮೂಗು ನಿಜವಾಗ್ಲೂ ಕಟ್ಟಿದೆಯಾ, ಇಲ್ಲ ನನಗೆ ಹಾಗನಿಸ್ತಿದೆಯಾ?' ಎಂದು ಕೇಳಿದ್ದರು. ಕೇಳಬೇಕಾದ ಪ್ರಶ್ನೆಯೇ ಅದು. ಮೆಂಥಾಲ್ ಮೂಸಿದರೆ ಮೂಗು ಬಿಟ್ಟ ಹಾಗನಿಸುತ್ತದೆ, ಅಳೆದರೆ ಗಾಳಿ ಅಷ್ಟೇ ಇರುತ್ತದೆ. ಅನಿಸಿಕೆ ಬೇರೆ, ಅಳತೆ ಬೇರೆ. ಅವರ ಅಳತೆ ನನ್ನ ಕೈಯಲ್ಲಿತ್ತು. ಆದರೆ ಅವರ ವಯಸ್ಸಿನ, ಅವರಷ್ಟೇ ಎತ್ತರದ ಆರೋಗ್ಯವಂತರಲ್ಲಿ ಎಷ್ಟಿರುತ್ತದೆ ಎಂದು ಹೋಲಿಸಿ ನೋಡಲು ನನ್ನ ಬಳಿ ಏನೂ ಇರಲಿಲ್ಲ. ಅವತ್ತು ಉತ್ತರ ಕೊಡಲಾಗದೆ ಕಳಿಸಿದ್ದು ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು.

ಲೆಕ್ಕ ಮುಗಿದ ಕೂಡಲೇ ಅವರಿಗೆ ಫೋನ್ ಮಾಡುತ್ತೇನೆ. ಈ ಸಲ ಅವರ ಗೆರೆಯ ಪಕ್ಕದಲ್ಲಿ ನಿಮ್ಮ ಗೆರೆಗಳಿರುತ್ತವೆ.