ಮೆಮೊರಿ ಓವರ್‌ಕ್ಲಾಕ್: ಇನ್ನು ಮೇಲೆ ಒಂದೊಂದು ಕಾರ್ಡಿಗೂ ಅದರದೇ ಅಂಕಿ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ನಮ್ಮಲ್ಲಿ ಪಿಸಿ ಕಟ್ಟಿಸಿಕೊಂಡವರಿಗೆ ಗೊತ್ತು, 600 ರೂಪಾಯಿ ಜಾಸ್ತಿ ಕೊಟ್ಟರೆ ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯನ್ನು ಓವರ್‌ಕ್ಲಾಕ್ ಮಾಡಿ, ಅಂದರೆ ಕಂಪನಿ ಇಟ್ಟ ವೇಗಕ್ಕಿಂತ ಜಾಸ್ತಿ ಓಡುವಂತೆ ಮಾಡಿ ಕೊಡುತ್ತಿದ್ದೆವು. ಮಾಡೆಲ್‌ಗೊಂದು ಅಂಕಿ ಇಟ್ಟುಕೊಂಡಿದ್ದೆವು. ಆರ್‌ಟಿಎಕ್ಸ್ 3060 ಬಂತು ಅಂದರೆ ಮಾಮೂಲಿ ವೇಗಕ್ಕೆ ಪ್ಲಸ್ 800 ಮೆಗಾಹರ್ಟ್ಸ್, ಸೇವ್ ಮಾಡಿದರೆ ಮುಗಿಯಿತು. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಇದನ್ನು ನಿಲ್ಲಿಸುತ್ತಿದ್ದೇವೆ. ಇನ್ನು ಪ್ರತಿ ಕಾರ್ಡನ್ನೂ ಬೇರೆಯಾಗಿಯೇ ಟೆಸ್ಟ್ ಮಾಡುತ್ತೇವೆ. ಅದಕ್ಕೆ ಒಂದು ದಿನ ಹೆಚ್ಚು ಹಿಡಿಯುತ್ತದೆ. ದರ ಅಷ್ಟೇ. ಕಾರ್ಡ್ ಏನೂ ಏರದಿದ್ದರೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಕಾರಣ ಹೇಳಲೇಬೇಕು, ಯಾಕೆಂದರೆ ತಪ್ಪು ನಮ್ಮದು.

ಹೋದ ಏಪ್ರಿಲ್‌ನಲ್ಲಿ ಧಾರವಾಡದ ಗ್ರಾಹಕರೊಬ್ಬರು ಸಿಸ್ಟಮ್ ಹೊತ್ತುಕೊಂಡು ಬಂದರು. ಮದುವೆ ವಿಡಿಯೋ ಎಡಿಟ್ ಮಾಡುವವರು. ಸರಿಯಾಗಿ ಅಕ್ಕಿಕಾಳು ಬೀಳುವ ಹೊತ್ತಿಗೆ ಮದುಮಗಳ ಮುಖದ ಮೇಲೆ ಹಸಿರು ಚುಕ್ಕೆಗಳು. ಕ್ಯಾಮೆರಾದ ಫೈಲಿನಲ್ಲಿ ಚುಕ್ಕೆ ಇರಲಿಲ್ಲ, ರೆಂಡರ್ ಆದ ಮೇಲೆ, ಅಂದರೆ ಎಡಿಟ್ ಮುಗಿಸಿ ಕೊನೆಯ ವಿಡಿಯೋ ತೆಗೆದ ಮೇಲೆ ಬಂದದ್ದು. ಮೆಮೊರಿಯನ್ನು ಮಾಮೂಲಿ ವೇಗಕ್ಕೆ ಇಳಿಸಿ ಮತ್ತೆ ರೆಂಡರ್ ಹಾಕಿದೆವು, ಹೋಯಿತು. ಇವರು ಹಾಕಿಸಿಕೊಂಡ ವಾರವೇ ಅದೇ ಮಾಡೆಲ್‌ಗೆ ಅದೇ ಪ್ಲಸ್ 800 ಹಾಕಿಸಿಕೊಂಡು ಹೋದ ಇನ್ನೊಬ್ಬರ ಕಾರ್ಡ್ ಇವತ್ತಿಗೂ ಒಂದು ತಕರಾರಿಲ್ಲದೆ ಓಡುತ್ತಿದೆ.

ಒಂದೇ ಡಬ್ಬ, ಒಂದೇ ಹೆಸರು, ಹಾಗಾದರೆ ಯಾಕೆ ಹೀಗೆ? ಮೆಮೊರಿ ಚಿಪ್‌ಗಳನ್ನು ಕಾರ್ಡ್ ಕಂಪನಿಯವರು ತಾವೇ ತಯಾರಿಸುವುದಿಲ್ಲ. ಹೆಚ್ಚಾಗಿ ಸ್ಯಾಮ್‌ಸಂಗ್, ಮೈಕ್ರಾನ್, ಎಸ್‌ಕೆ ಹೈನಿಕ್ಸ್ ಅವರಿಂದ ಬರುತ್ತವೆ. ಈ ಬ್ಯಾಚಿಗೆ ಒಬ್ಬರದ್ದು, ಮುಂದಿನ ಬ್ಯಾಚಿಗೆ ಇನ್ನೊಬ್ಬರದ್ದು ಇರಬಹುದು. ಡಬ್ಬದ ಮೇಲೆ ಬರೆದಿರುವುದಿಲ್ಲ, ಜಿಪಿಯು-ಝಡ್ ಅನ್ನುವ ಸಾಫ್ಟ್‌ವೇರ್ ಹಾಕಿ ನೋಡಿದರೆ ಗೊತ್ತಾಗುತ್ತದೆ. 2016ರಲ್ಲಿ ಜಿಟಿಎಕ್ಸ್ 1070 ಮೊದಲು ಸ್ಯಾಮ್‌ಸಂಗ್ ಚಿಪ್ ಹಾಕಿಕೊಂಡು ಬಂತು, ಆಮೇಲೆ ಮೈಕ್ರಾನ್ ಚಿಪ್‌ನದ್ದೂ ಬಂತು. ಎರಡನೆಯದಕ್ಕೆ ಹೊಸ ಬಯಾಸ್ (ಕಾರ್ಡಿನೊಳಗೇ ಇರುವ ಸಾಫ್ಟ್‌ವೇರ್) ಕೊಡಬೇಕಾಯಿತು.

ಒಬ್ಬರದೇ ಚಿಪ್ ಇದ್ದರೂ ಒಂದರ ಹಾಗೆ ಇನ್ನೊಂದಿಲ್ಲ. ಬ್ಯಾಡಗಿ ಮಾರ್ಕೆಟ್‌ನಲ್ಲಿ ಮೆಣಸಿನಕಾಯಿ ಆರಿಸಿ ರಾಶಿ ಹಾಕುತ್ತಾರಲ್ವಾ, ಚಿಪ್‌ಗಳನ್ನೂ ಟೆಸ್ಟ್ ಮಾಡಿ ವೇಗ ನೋಡಿ ಹಾಗೇ ಬೇರ್ಪಡಿಸುತ್ತಾರೆ. ಆ ರಾಶಿಗೆ ಬೇಕಾದಷ್ಟು ವೇಗ ಇದ್ದೇ ಇರುತ್ತದೆ. ಅದರ ಮೇಲೆ ಎಷ್ಟಿದೆ ಅನ್ನುವುದು ಆಯಾ ಚಿಪ್‌ನ ಮಾತು. ಕೆಲವು ಕಾರ್ಡುಗಳಲ್ಲಿ ಕಂಪನಿಯವರೇ ಚಿಪ್‌ನ ಶಕ್ತಿಗಿಂತ ಕಡಿಮೆ ಓಡಿಸುತ್ತಾರೆ. 2019ರ ಆರ್‌ಟಿಎಕ್ಸ್ 2080 ಸೂಪರ್‌ನಲ್ಲಿ 16 ಜಿಬಿಪಿಎಸ್‌ನ (ಸೆಕೆಂಡಿಗೆ 16 ಗಿಗಾಬಿಟ್) ಚಿಪ್ ಹಾಕಿ 15.5ಕ್ಕೆ ಓಡಿಸಿದ್ದರು. ಅಂಥದ್ದು ಸುಲಭವಾಗಿ ಏರುತ್ತದೆ.

ಇನ್ನೊಂದು ವಿಷಯ. 12 ಜಿಬಿಯ 3060ರಲ್ಲಿ ಆರು ಚಿಪ್ ಇವೆ. ಆರೂ ಒಂದೇ ವೇಗಕ್ಕೆ ಓಡಬೇಕು. ಐದು ಗಟ್ಟಿ ಇದ್ದು ಒಂದು ಸೋತರೂ ಆ ಒಂದು ಎಷ್ಟು ತಾಳುತ್ತದೋ ಅಷ್ಟೇ. ಕಾರ್ಡಿನ ಮುಖ್ಯ ಚಿಪ್ ಆದ ಜಿಪಿಯು ಒಳಗಿನ ಮೆಮೊರಿ ಕಂಟ್ರೋಲರ್, ಬೋರ್ಡಿನ ಗೆರೆಗಳು, ಮೆಮೊರಿಗೆ ಕರೆಂಟ್ ಕೊಡುವ ಭಾಗ, ಇವೆಲ್ಲ ಎಷ್ಟು ತಾಳುತ್ತವೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಮದುವೆ ವಿಡಿಯೋದ ಆ ಕಾರ್ಡನ್ನು ಗ್ರಾಹಕರನ್ನು ಕೇಳಿಯೇ ಬಿಚ್ಚಿದೆವು. ಚಿಪ್‌ನ ಕಾವು ಹೀಟ್‌ಸಿಂಕ್‌ಗೆ ದಾಟಲಿ ಅಂತ ನಡುವೆ ಮೆತ್ತನೆಯ ಥರ್ಮಲ್ ಪ್ಯಾಡ್ ಇಟ್ಟಿರುತ್ತಾರೆ. ಐದು ಪ್ಯಾಡ್‌ಗಳ ಮೇಲೆ ಚಿಪ್ ಒತ್ತಿದ ಚೌಕದ ಗುರುತು ಆಳವಾಗಿ ಮೂಡಿತ್ತು. ಆರನೆಯದು ಹೊಸದರ ಹಾಗೆ ನುಣ್ಣಗಿತ್ತು. ಅದು ಚಿಪ್‌ಗೆ ತಾಗಿರಲೇ ಇಲ್ಲ! ಜನವರಿಯ ಚಳಿಯಲ್ಲಿ ನಾವು ಹಾಕಿದ ಅಂಕಿ ನಿಂತಿತ್ತು. ನಮ್ಮ ಏಪ್ರಿಲ್ ಬಿಸಿಲಿಗೆ ನಿಲ್ಲಲಿಲ್ಲ.

ಚುಕ್ಕೆ ಕಂಡರೆ ತಪ್ಪಾಗಿದೆ ಅಂತ ಗೊತ್ತಾದರೂ ಆಗುತ್ತದೆ. ಕಾಣದೇ ನಷ್ಟವಾಗುವುದೂ ಇದೆ. ಜಿಪಿಯು ಮತ್ತು ಮೆಮೊರಿ ನಡುವೆ ಡೇಟಾ ಓಡಾಡುವಾಗ ತಪ್ಪಾದರೆ ಹಿಡಿದು ಮತ್ತೆ ಕಳಿಸುವ ವ್ಯವಸ್ಥೆ ಜಿಡಿಡಿಆರ್5 ಅನ್ನುವ ಹಳೆಯ ಬಗೆಯ ಮೆಮೊರಿಯ ಕಾಲದಿಂದಲೂ ಇದೆ. ಅದರಿಂದ ಸ್ವಲ್ಪ ಮಿತಿ ಮೀರಿ ಏರಿಸಿದರೂ ಎಷ್ಟೋ ಸಲ ಸಿಸ್ಟಮ್ ನಿಲ್ಲುವುದಿಲ್ಲ, ಒಳಗೊಳಗೇ ನಿಧಾನವಾಗುತ್ತದೆ. ಹಾವೇರಿಯ ವಿದ್ಯಾರ್ಥಿಯೊಬ್ಬನ ಕಾರ್ಡನ್ನು 50, 50 ಏರಿಸುತ್ತ ಬರೆದುಕೊಂಡೆವು. 550ರವರೆಗೆ ವೇಗದ ಟೆಸ್ಟ್‌ನ ಸ್ಕೋರ್ ಏರಿತು. 600ಕ್ಕೆ ನಿಂತಿತು. 700ಕ್ಕೆ ಇಳಿಯಿತು. 800ರಲ್ಲಿ ಓವರ್‌ಕ್ಲಾಕ್ ಮಾಡದೇ ಇದ್ದಾಗಿನದಕ್ಕಿಂತ ಕಡಿಮೆ. ಅವನು ನಮಗೆ ದುಡ್ಡು ಕೊಟ್ಟು ಕಾರ್ಡನ್ನು ನಿಧಾನ ಮಾಡಿಸಿಕೊಂಡಿದ್ದ. ನಮಗೆ ತುಂಬ ಬೇಜಾರಾಯಿತು. ಆ ದುಡ್ಡು ವಾಪಸ್ ಕೊಟ್ಟಿದ್ದೇವೆ.

ಇನ್ನು ನಾವು ಮಾಡುವುದು ಹೀಗೆ. ಅವನ ಕಾರ್ಡಿಗೆ ಮಾಡಿದಂತೆಯೇ ಸ್ವಲ್ಪ ಸ್ವಲ್ಪ ಏರಿಸಿ, ಸ್ಕೋರ್ ಎಲ್ಲಿ ನಿಲ್ಲುತ್ತದೋ ಅಲ್ಲಿಂದ 100 ಇಳಿಸುತ್ತೇವೆ. ಮಧ್ಯಾಹ್ನದ ಹೊತ್ತು, ಎಸಿ ಇಲ್ಲದ ಕೋಣೆಯಲ್ಲಿ, ಕ್ಯಾಬಿನೆಟ್ ಮುಚ್ಚಿಯೇ ನಾಲ್ಕು ಗಂಟೆ ಓಡಿಸುತ್ತೇವೆ. ಬಂದ ಅಂಕಿ, ಚಿಪ್ ಯಾರದ್ದು, ಆ ದಿನದ ಕೋಣೆಯ ಕಾವು, ಮೂರನ್ನೂ ಚೀಟಿಯಲ್ಲಿ ಬರೆದು ಕ್ಯಾಬಿನೆಟ್ ಒಳಗೆ ಅಂಟಿಸುತ್ತೇವೆ. ಎಡಿಟಿಂಗ್ ಕೆಲಸದವರಿಗೆ ಮಾತ್ರ ನಮ್ಮ ಸಲಹೆ, ಮೆಮೊರಿಯನ್ನು ಮುಟ್ಟಲೇ ಬೇಡಿ. ಗೇಮ್‌ನಲ್ಲಿ ಒಂದು ಚುಕ್ಕೆ ಬಂದರೆ ಹೋಗಲಿ ಅನ್ನಬಹುದು, ಯಾರದೋ ಮದುವೆಯಲ್ಲಿ ಅನ್ನಲಾಗುವುದಿಲ್ಲ.

ಈಗಾಗಲೇ ಪ್ಲಸ್ 800 ಹಾಕಿಸಿಕೊಂಡವರು ದಯವಿಟ್ಟು ಸಿಸ್ಟಮ್ ತನ್ನಿ, ಬಿಲ್ ಇಲ್ಲದಿದ್ದರೂ ಪರವಾಗಿಲ್ಲ. ಉಚಿತವಾಗಿ ಮತ್ತೆ ಟೆಸ್ಟ್ ಮಾಡಿ ಕೊಡುತ್ತೇವೆ. ಗದಗ, ಹಾವೇರಿ ಕಡೆಯಿಂದ ಬರುವವರು ಮೊದಲೇ ಫೋನ್ ಮಾಡಿ, ಬೆಳಿಗ್ಗೆ ಕೊಟ್ಟರೆ ಸಂಜೆ ಬಸ್ಸಿನ ಹೊತ್ತಿಗೆ ಮುಗಿಸಿಕೊಡುತ್ತೇವೆ. ಅಲ್ಲಿಯವರೆಗೆ ಓವರ್‌ಕ್ಲಾಕ್ ಮಾಡುವ ಸಾಫ್ಟ್‌ವೇರ್ ಆಫ್ಟರ್‌ಬರ್ನರ್ ತೆರೆದು ರೀಸೆಟ್ ಒತ್ತಿ ಇಡಿ.

ಇಂತಿ,
ವಿದ್ಯಾನಗರದ ನಿಮ್ಮ ಕಂಪ್ಯೂಟರ್ ಅಂಗಡಿಯವರು, ಹುಬ್ಬಳ್ಳಿ