ಕೇಕ್ ಅಂಗಡಿಯ ತೀರ್ಪು ತೋರಿಸಿ ರೂಮು ಇಲ್ಲ ಅನ್ನಬೇಡಿ

ಮಾನ್ಯ ಸಂಪಾದಕರಿಗೆ, ನಮಸ್ಕಾರ.

ನಮ್ಮ ತಾಲ್ಲೂಕಿನ ಹೋಂಸ್ಟೇ ಮಾಲೀಕರದ್ದೊಂದು ವಾಟ್ಸ್ಆ್ಯಪ್ ಗುಂಪಿದೆ. ಕರೆಂಟು ಹೋದದ್ದು, ರಸ್ತೆಗೆ ಮರ ಬಿದ್ದದ್ದು, ಅಡುಗೆಗೆ ಜನ ಬೇಕಾದದ್ದು, ಇಂಥ ಮಾತೇ ಅಲ್ಲಿ ಜಾಸ್ತಿ. ಮೊನ್ನೆ ಒಬ್ಬರು ಕೇಳಿದರು: ‘ಬೆಂಗಳೂರಿನಿಂದ ಇಬ್ಬರು ಹುಡುಗರು ಫೋನ್ ಮಾಡಿದ್ದರು. ತಾವು ಜೋಡಿ, ಒಂದೇ ರೂಮು ಸಾಕು ಅಂತಾರೆ. ಕೊಡೋದಾ?’ ಬೇಡ ಅಂದವರೇ ಹೆಚ್ಚು. ಅವರಲ್ಲೊಬ್ಬರು, ‘ಇಂಗ್ಲೆಂಡಿನ ಸುಪ್ರೀಂ ಕೋರ್ಟೇ ಕೇಕ್ ಅಂಗಡಿಯವರ ಪರ ತೀರ್ಪು ಕೊಟ್ಟಿದೆ, ನಮ್ಮ ಧರ್ಮಕ್ಕೆ ಒಗ್ಗದವರಿಗೆ ನಾವು ಯಾಕೆ ಕೊಡಬೇಕು’ ಅಂತ ಬರೆದರು. ಕೆಳಗೆ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಆದರೆ ಆ ತೀರ್ಪಿನಲ್ಲಿ ಇರುವುದು ಬೇರೆ. ಅದನ್ನು ತಿಳಿಸಲೆಂದೇ ಈ ಪತ್ರ.

ಕೇಕಿನ ಜಗಳ ನಡೆದದ್ದು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ, 2014ರ ಮೇ ತಿಂಗಳಲ್ಲಿ. ಸಲಿಂಗಿಯೊಬ್ಬರು ಆಶರ್ಸ್ ಅನ್ನುವ ಬೇಕರಿಗೆ ಹೋಗಿ ಕೇಕ್ ಹೇಳಿದರು. ಅದರ ಮೇಲೆ ‘ಸಲಿಂಗ ವಿವಾಹವನ್ನು ಬೆಂಬಲಿಸಿ’ ಅಂತ ಬರೆಯಬೇಕಿತ್ತು. ಬೆಲೆ 36.50 ಪೌಂಡ್. ಬೇಕರಿ ದುಡ್ಡು ತೆಗೆದುಕೊಂಡಿತು. ಕೆಲವು ದಿನದ ಮೇಲೆ ಫೋನ್ ಮಾಡಿ, ನಾವು ಕ್ರೈಸ್ತರು, ಇದನ್ನು ಬರೆಯಲಾರೆವು ಅಂತ ಹೇಳಿ ದುಡ್ಡು ವಾಪಸ್ ಕೊಟ್ಟಿತು. ಅಲ್ಲಿನ ಕೆಳಗಿನ ಕೋರ್ಟುಗಳಲ್ಲಿ ಬೇಕರಿ ಸೋತಿತು. 2018ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನಲ್ಲಿ ಪ್ರಕರಣ ಕೇಳಿದ ಐವರೂ ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಬೇಕರಿ ಪರ ಹೇಳಿದರು. ಇಷ್ಟು ಎಲ್ಲರಿಗೂ ಗೊತ್ತು.

ಯಾಕೆ ಹಾಗೆ ಹೇಳಿದರು ಅನ್ನುವುದನ್ನು ಯಾರೂ ಓದುವುದಿಲ್ಲ. ಬೇಕರಿಯವರು ಬೇಡ ಅಂದದ್ದು ಆ ಬರಹಕ್ಕೆ, ಆ ಮನುಷ್ಯನಿಗಲ್ಲ. ಅದೇ ಸಾಲು ಬರೆಸಲು ಹೆಂಡತಿ ಮಕ್ಕಳಿರುವ ಗಂಡಸು ಬಂದಿದ್ದರೂ ಅವರು ಇಲ್ಲ ಅನ್ನುತ್ತಿದ್ದರು. ತಾನು ನಂಬದ ಮಾತನ್ನು ಬರೆದುಕೊಡು ಅಂತ ಯಾರನ್ನೂ ಒತ್ತಾಯಿಸಬಾರದು ಅಂತ ಕೋರ್ಟು ಹೇಳಿತು. ಅದರ ಜೊತೆಗೇ ಇನ್ನೊಂದನ್ನೂ ಹೇಳಿತು: ಒಬ್ಬರ ಬಣ್ಣ, ಧರ್ಮ, ಲೈಂಗಿಕತೆ ನೋಡಿ ಸೇವೆ ಕೊಡದೆ ಕಳಿಸುವುದು ಆ ವ್ಯಕ್ತಿಗೆ ಮಾಡುವ ಘೋರ ಅವಮಾನ. ನಮ್ಮ ಗುಂಪಿನಲ್ಲಿ ಓಡಾಡಿದ ಸಂದೇಶದಲ್ಲಿ ಈ ಎರಡನೇ ಭಾಗ ಇರಲೇ ಇಲ್ಲ. ಅಮೆರಿಕದ ಕೊಲರಾಡೊದಲ್ಲೂ ಅದೇ ವರ್ಷ ಒಬ್ಬ ಕೇಕ್ ಅಂಗಡಿಯವನು ಗೆದ್ದ. ಅಲ್ಲಿ ಗೆಲುವಿಗೆ ಕಾರಣ, ಸರ್ಕಾರದ ಆಯೋಗ ಅವನ ಧರ್ಮವನ್ನು ಹೀನಾಯವಾಗಿ ಕಂಡದ್ದು.

ನಾವು ಕೇಕ್ ಮೇಲೆ ಏನೂ ಬರೆಯುವುದಿಲ್ಲ. ಹಾಸಿಗೆ, ಬಿಸಿನೀರು, ಬೆಳಗ್ಗೆ ತಿಂಡಿ ಕೊಡುತ್ತೇವೆ. ಹಾಗಾಗಿ ನಮಗೆ ಹತ್ತಿರದ ಪ್ರಕರಣ ಕಾರ್ನ್‌ವಾಲ್‌ನದ್ದು. ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ ಮರಾಜಿಯನ್ ಅಂತ ಸಮುದ್ರದ ದಡದ ಊರು. ಅಲ್ಲಿ ವಯಸ್ಸಾದ ಗಂಡ ಹೆಂಡತಿ ಒಂದು ಸಣ್ಣ ಹೋಟೆಲು ನಡೆಸುತ್ತಿದ್ದರು. ವಾಸವೂ ಅದೇ ಮನೆಯಲ್ಲಿ, ಥೇಟ್ ನಮ್ಮ ಹಾಗೆ. ದೈವಭಕ್ತರು. ಮದುವೆಯಾದ ಗಂಡು ಹೆಣ್ಣಿಗೆ ಮಾತ್ರ ಡಬಲ್ ರೂಮು ಅನ್ನುವುದು ಅವರ ನಿಯಮ. 2008ರ ಸೆಪ್ಟೆಂಬರಿಗೆ ಒಬ್ಬರು ಫೋನಿನಲ್ಲಿ ರೂಮು ಹೇಳಿದ್ದರು. ಹೆಂಡತಿ ಜೊತೆ ಬರುತ್ತಾರೆ ಅಂತ ಮನೆಯಾಕೆ ಅಂದುಕೊಂಡರು. ಬಂದದ್ದು ಇಬ್ಬರು ಗಂಡಸರು. ಆ ದೇಶದ ಕಾನೂನಿನ ಪ್ರಕಾರ ನೋಂದಣಿಯಾದ ಸಂಗಾತಿಗಳು. ಬಾಗಿಲಲ್ಲೇ ಇಲ್ಲ ಅನ್ನಿಸಿಕೊಂಡು ಬೇರೆ ಕಡೆ ಹೋದರು.

2011ರಲ್ಲಿ ಬ್ರಿಸ್ಟಲ್ ಕೋರ್ಟು ಆ ಇಬ್ಬರಿಗೂ ತಲಾ 1,800 ಪೌಂಡ್ ಪರಿಹಾರ ಕೊಡಿಸಿತು. ದಂಪತಿ ಸುಪ್ರೀಂ ಕೋರ್ಟಿನವರೆಗೂ ಹೋದರು. 2013ರ ನವೆಂಬರಿನಲ್ಲಿ ಅಲ್ಲೂ ಸೋತರು. ಮದುವೆಯಾಗದ ಗಂಡು ಹೆಣ್ಣಿಗೂ ನಾವು ಕೊಡುವುದಿಲ್ಲ, ಹಾಗಾಗಿ ಭೇದ ಎಲ್ಲಿ ಬಂತು ಅನ್ನುವುದು ಅವರ ವಾದ. ಆದರೆ ಆಗ ಅಲ್ಲಿ ಇಬ್ಬರು ಗಂಡಸರು ಮದುವೆಯಾಗಲು ಕಾನೂನೇ ಬಿಡುತ್ತಿರಲಿಲ್ಲ. ಅಂದಮೇಲೆ ಆ ನಿಯಮದಡಿ ಅವರಿಗೆ ಯಾವತ್ತೂ ರೂಮು ಸಿಗುವಂತಿರಲಿಲ್ಲ. ಇದು ನೇರ ಭೇದವೋ, ಸುತ್ತಿ ಬಳಸಿ ಮಾಡಿದ್ದೋ ಅನ್ನುವುದರಲ್ಲಿ ಮೂವರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ ಇದ್ದರು. ತಪ್ಪು ಅನ್ನುವುದರಲ್ಲಿ ಐವರದ್ದೂ ಒಂದೇ ಮಾತು.

ಈ ತೀರ್ಪಿನಲ್ಲಿ ನನಗೆ ತುಂಬ ಹಿಡಿಸಿದ್ದು ನ್ಯಾಯಮೂರ್ತಿ ಲೇಡಿ ಹೇಲ್ ಅವರ ಒಂದು ಮಾತು. ಆ ಇಬ್ಬರು ಗಂಡಸರೇ ಹೋಟೆಲು ನಡೆಸುತ್ತಿದ್ದು, ಈ ಕ್ರೈಸ್ತ ದಂಪತಿಯನ್ನು ಅವರ ನಂಬಿಕೆಯ ಕಾರಣಕ್ಕೆ ಹೊರಗೆ ಕಳಿಸಿದ್ದರೆ, ಕಾನೂನು ದಂಪತಿಯ ಪರ ನಿಲ್ಲುತ್ತಿತ್ತು ಅಂತ ಅವರು ಬರೆದಿದ್ದಾರೆ. ಐದು ವರ್ಷದ ಮೇಲೆ ಬೇಕರಿ ಪರ ತೀರ್ಪು ಬರೆದವರೂ ಇದೇ ಲೇಡಿ ಹೇಲ್! ಎರಡನ್ನೂ ಜೊತೆಗಿಟ್ಟು ಓದಿದರೆ ಗೊಂದಲವೇ ಇಲ್ಲ.

ಆ ದಂಪತಿಯ ಸಂಕಟ ನನಗೆ ಅರ್ಥವಾಗುತ್ತದೆ. ಪೂಜೆ ಮುಗಿಸದೆ ಕಾಫಿ ಕುಡಿಯುವವಳಲ್ಲ ನಾನು. ನಮ್ಮದು ಹಳೇ ತೊಟ್ಟಿಮನೆ. ದೇವರ ಕೋಣೆಯ ಪಕ್ಕದ ಗೋಡೆಗೇ ಅತಿಥಿಗಳ ರೂಮು. ಬರುವವರಿಗೆ ಮೊದಲೇ ಹೇಳುತ್ತೇನೆ: ಮಾಂಸ ಇಲ್ಲ, ಮದ್ಯ ಇಲ್ಲ, ಅಡುಗೆಮನೆಗೂ ದೇವರ ಕೋಣೆಗೂ ಹೋಗುವ ಹಾಗಿಲ್ಲ, ಹತ್ತು ಗಂಟೆ ಮೇಲೆ ಹಾಡು ಹಾಕುವ ಹಾಗಿಲ್ಲ. ಸಾಹೇಬರು ಬಂದರೂ ಅದೇ, ಕಾಲೇಜು ಹುಡುಗರು ಬಂದರೂ ಅದೇ. ಇದನ್ನೆಲ್ಲ ಬಿಡು ಅಂತ ಯಾವ ಸಮಾನತೆಯ ಕಾನೂನೂ ಹೇಳುವುದಿಲ್ಲ. ಮನೆಯಲ್ಲಿ ಏನು ಮಾಡಬಾರದು ಅನ್ನುವುದು ನನ್ನ ನಿಯಮ. ಅದು ಎಂಥವರು ಬರಬಾರದು ಅನ್ನುವ ನಿಯಮ ಆಗಕೂಡದು. ರಸ್ತೆಗೆ ಬೋರ್ಡು ಹಾಕಿ, ದುಡ್ಡು ತೆಗೆದುಕೊಂಡು ಬಾಗಿಲು ತೆರೆದ ಮೇಲೆ ‘ನಮ್ಮ ಮನೆ, ನಮ್ಮಿಷ್ಟ’ ಅನ್ನುವುದಕ್ಕೆ ಒಂದು ಮಿತಿ ಇದೆ.

‘ಬೇರೆ ಕಡೆ ಹೋಗಲಿ ಬಿಡಿ’ ಅಂತಾರೆ. ಆಷಾಢದ ಮಳೆಯಲ್ಲಿ, ಕೊನೇ ಬಸ್ಸು ಹೋದಮೇಲೆ, ನಮ್ಮ ಘಟ್ಟದ ಊರುಗಳಲ್ಲಿ ಎಲ್ಲಿಗೆ ಹೋಗುತ್ತಾರೆ?

ನನ್ನ ತವರಿನಲ್ಲಿ ತೋಟದ ಆಳುಗಳಿಗೆ ಕಾಫಿ ಕೊಡುತ್ತಿದ್ದದ್ದು ತೆಂಗಿನ ಕರಟದಲ್ಲಿ. ಅಂಗಳದ ಅಂಚಿನಲ್ಲಿ ಅವರು ಕರಟ ಹಿಡಿದು ನಿಲ್ಲುತ್ತಿದ್ದರು. ನಮ್ಮಜ್ಜಿ ತಾಗದ ಹಾಗೆ ಮೇಲಿನಿಂದ ಹೊಯ್ಯುತ್ತಿದ್ದರು, ಅರ್ಧ ಅವರ ಕೈ ಮೇಲೇ ಚೆಲ್ಲುತ್ತಿತ್ತು. ಅಜ್ಜಿ ಕೆಟ್ಟವರಲ್ಲ. ಅದು ಮಡಿ, ಅದು ಶಾಸ್ತ್ರ ಅಂತ ಮನಸಾರೆ ನಂಬಿದ್ದರು. ಪೇಟೆಯ ಹೋಟೆಲುಗಳಲ್ಲಿ ಹೊರಗೆ ಬೇರೆ ಲೋಟ ಇಡುತ್ತಿದ್ದವರೂ ಹಾಗೇ ನಂಬಿದ್ದವರು. ಅದಕ್ಕೇ ನಮ್ಮ ಸಂವಿಧಾನದ 15ನೇ ವಿಧಿಯಲ್ಲಿ ಜಾತಿ, ಧರ್ಮ ನೋಡಿ ಯಾರನ್ನೂ ತಡೆಯಬಾರದು ಅನ್ನುವಾಗ ಅಂಗಡಿ, ಹೋಟೆಲು ಅಂತ ಹೆಸರು ಹಿಡಿದು ಬರೆದರು. 1955ರಲ್ಲಿ ಅಸ್ಪೃಶ್ಯತೆ ಆಚರಿಸಿದವರನ್ನು ಶಿಕ್ಷಿಸಲು ಕಾಯ್ದೆ ಬಂತು. ಅದರಿಂದ ಯಾರ ದೇವರೂ ಮನೆ ಬಿಟ್ಟು ಹೋಗಲಿಲ್ಲ.

ಸಲಿಂಗಿಗಳ ವಿಷಯದಲ್ಲಿ ನಮ್ಮ ಕಾನೂನು ಅರ್ಧದಲ್ಲಿ ನಿಂತಿದೆ. 2018ರ ಸೆಪ್ಟೆಂಬರ್ 6ರಂದು ನಮ್ಮ ಸುಪ್ರೀಂ ಕೋರ್ಟು, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ನಿನ ಹೆದರಿಕೆ ತೆಗೆಯಿತು. 2019ರ ಕಾಯ್ದೆ ಲಿಂಗತ್ವ ಅಲ್ಪಸಂಖ್ಯಾತರಿಗೆ (ಟ್ರಾನ್ಸ್‌ಜೆಂಡರ್ ಜನರಿಗೆ) ಸೇವೆ ನಿರಾಕರಿಸಬಾರದು ಅನ್ನುತ್ತದೆ. ಆದರೆ ಇಬ್ಬರು ಹುಡುಗರನ್ನೋ ಇಬ್ಬರು ಹುಡುಗಿಯರನ್ನೋ ಲಾಡ್ಜಿನವರು ವಾಪಸ್ ಕಳಿಸಿದರೆ, ಬ್ರಿಸ್ಟಲ್ ಕೋರ್ಟಿಗೆ ಹೋದ ಆ ಇಬ್ಬರ ಹಾಗೆ ಪರಿಹಾರ ಕೇಳಲು ಇಲ್ಲಿ ಅಂಥದ್ದೊಂದು ಕಾಯ್ದೆ ಇಲ್ಲ. ಸಂಸತ್ತು ಅದನ್ನು ಮಾಡಬೇಕು.

ಅದಾಗುವವರೆಗೆ ನಮ್ಮ ರಾಜ್ಯದ ಪ್ರವಾಸೋದ್ಯಮ ಇಲಾಖೆ ಸುಮ್ನೆ ಕೂರಬೇಕಾಗಿಲ್ಲ. ಹೋಂಸ್ಟೇಗಳು ನೋಂದಣಿಗೆ ಬರುವುದು ಅವರ ಹತ್ತಿರವೇ. ಗುರುತಿನ ಚೀಟಿ ಕೊಟ್ಟು, ಮನೆಯ ನಿಯಮ ಒಪ್ಪಿದ ವಯಸ್ಕ ಅತಿಥಿಯನ್ನು ಜಾತಿ, ಧರ್ಮ, ಲೈಂಗಿಕತೆಯ ಕಾರಣಕ್ಕೆ ವಾಪಸ್ ಕಳಿಸುವಂತಿಲ್ಲ ಅನ್ನುವ ಒಂದು ಷರತ್ತನ್ನು ನೋಂದಣಿಗೆ ಸೇರಿಸಲಿ. ನಾನು ಅರ್ಜಿ ಬರೆದಿದ್ದೇನೆ. ಒಪ್ಪುವ ಮಾಲೀಕರು ಜೊತೆಗೆ ಸಹಿ ಹಾಕಬೇಕು ಅಂತ ಕೇಳಿಕೊಳ್ಳುತ್ತೇನೆ. ಆ ಹುಡುಗರಿಗೆ ಇನ್ನೂ ರೂಮು ಬೇಕಿದ್ದರೆ ನನ್ನ ನಂಬರು ಕೊಡಿ ಅಂತಲೂ ಗುಂಪಿನಲ್ಲಿ ಬರೆದಿದ್ದೇನೆ.

– ಹೋಂಸ್ಟೇ ನಡೆಸುವ ಗೃಹಿಣಿ, ತೀರ್ಥಹಳ್ಳಿ ತಾಲ್ಲೂಕು